ಚರ್ಚ್‌ಗೇಟ್ ಎದುರಿನ ಈರೋಸ್ ಟಾಕೀಸು: ಪದೇ ಪದೇ ಕೇಳುವ ಪ್ರಶ್ನೆಗಳು

ಊರಿನಿಂದ ಯಾರೇ ನೆಂಟರು ಮುಂಬೈಗೆ ಬಂದರೂ ನಾನು ಅವರನ್ನು ಒಮ್ಮೆ ಚರ್ಚ್‌ಗೇಟ್‌ಗೆ ಕರೆದುಕೊಂಡು ಹೋಗುತ್ತೇನೆ. ಸ್ಟೇಷನ್ನಿನಿಂದ ಹೊರಗೆ ಬಂದು ಎದುರಿನ ಕಟ್ಟಡ ತೋರಿಸುತ್ತೇನೆ. ಆಗ ಅವರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ಆಗಿರುತ್ತವೆ. 2024ರಲ್ಲಿ ಈರೋಸ್ ಮತ್ತೆ ತೆರೆದ ಮೇಲೆ ಫೋನ್ ಮಾಡಿ ಕೇಳುವವರೂ ಜಾಸ್ತಿಯಾದರು. ಅದಕ್ಕೇ ಎಲ್ಲವನ್ನೂ ಒಂದು ಕಡೆ ಬರೆದಿದ್ದೇನೆ.

ಈರೋಸ್ ಎಲ್ಲಿದೆ? ಹುಡುಕಬೇಕಾ?

ಹುಡುಕುವುದೇನೂ ಬೇಡ. ಪಶ್ಚಿಮ ರೈಲ್ವೆಯ ಲೋಕಲ್ ಹತ್ತಿ ಕೊನೆಯ ಸ್ಟೇಷನ್ನಿನಲ್ಲಿ ಇಳಿಯಿರಿ. ಅದೇ ಚರ್ಚ್‌ಗೇಟ್. ಹೊರಗೆ ಬಂದರೆ ಎದುರಿಗೇ ಇದೆ. ಮಹರ್ಷಿ ಕರ್ವೆ ರಸ್ತೆ ಮತ್ತು ಜಮ್ಶೇಟ್‌ಜಿ ಟಾಟಾ ರಸ್ತೆ ಕೂಡುವ ಮೂಲೆಯಲ್ಲಿ, ಎರಡು ಕೈ ಚಾಚಿ ಕೂತ ಹಾಗೆ. ಕಟ್ಟಡದ ಹೆಸರು ಕಂಬಾಟಾ ಬಿಲ್ಡಿಂಗ್. ಆ ಹೆಸರಿನಲ್ಲಿ ಯಾರೂ ಕೇಳುವುದಿಲ್ಲ. ಟ್ಯಾಕ್ಸಿಯವರಿಗೆ "ಈರೋಸ್" ಅಂದರೆ ಸಾಕು.

ಯಾವಾಗ ಕಟ್ಟಿದ್ದು? ಕಟ್ಟಿಸಿದವರು ಯಾರು?

ಅಡಿಗಲ್ಲು ಬಿದ್ದದ್ದು 1935ರಲ್ಲಿ. ಸುಮಾರು ಎರಡೂವರೆ ವರ್ಷ ಕೆಲಸ ನಡೆಯಿತು. 1938ರ ಫೆಬ್ರವರಿ 10ರಂದು ಬಾಗಿಲು ತೆರೆಯಿತು. ಕಟ್ಟಿಸಿದವರು ಶಿಯಾವಕ್ಸ್ ಕಾವಸ್‌ಜಿ ಕಂಬಾಟಾ ಎಂಬ ಪಾರ್ಸಿ ಉದ್ಯಮಿ. ನಕ್ಷೆ ಬರೆದವರು ಶೋರಾಬ್‌ಜಿ ಭೇಡ್ವಾರ್, ಅವರೂ ಪಾರ್ಸಿ.

ಇದರಲ್ಲಿ ಆಶ್ಚರ್ಯವೇನೂ ಇಲ್ಲ. ನಾಟಕ ಕಂಪನಿಗಳ ಕಾಲದಿಂದಲೂ ಮುಂಬೈಯ ಮನರಂಜನೆಯಲ್ಲಿ ಪಾರ್ಸಿಗಳ ಕೈ ದೊಡ್ಡದು. ದೇಶದ ಮೊದಲ ವಾಕ್ಚಿತ್ರ 'ಆಲಂ ಆರಾ' ತೆಗೆದ ಅರ್ದೇಶಿರ್ ಇರಾನಿ ಅದೇ ಸಮುದಾಯದವರು. 1931ರ ಮಾರ್ಚ್ 14ರಂದು ಆ ಚಿತ್ರ ತೆರೆಕಂಡದ್ದು ಗಿರ್‌ಗಾಂವ್‌ನ ಮೆಜೆಸ್ಟಿಕ್ ಟಾಕೀಸಿನಲ್ಲಿ. ನಮ್ಮ ಮೊದಲ ಕನ್ನಡ ವಾಕ್ಚಿತ್ರ 'ಸತಿ ಸುಲೋಚನ' ಬಂದದ್ದು 1934ರಲ್ಲಿ. ಅಂದರೆ ಪರದೆ ಮಾತಾಡಲು ಕಲಿತು ಏಳೇ ವರ್ಷಕ್ಕೆ ಈರೋಸ್ ಎದ್ದು ನಿಂತಿತು. ಆ ಏಳು ವರ್ಷದಲ್ಲಿ ಸಿನಿಮಾ ಎಂಬುದು ಜಾತ್ರೆಯ ಟೆಂಟಿನಿಂದ ಅಮೃತಶಿಲೆಯ ಮೆಟ್ಟಿಲಿಗೆ ಏರಿತ್ತು.

ಈರೋಸ್ ಅಂದರೆ ಏನರ್ಥ?

ಗ್ರೀಕರ ಪ್ರೇಮದೇವತೆಯ ಹೆಸರು. ನಮ್ಮ ಮನ್ಮಥ ಇದ್ದ ಹಾಗೆ.

ಈ ಜಾಗದಲ್ಲಿ ಮೊದಲು ಏನಿತ್ತು?

ಸಮುದ್ರದ ಅಂಚು ಮತ್ತು ರೈಲು ಹಳಿ. ಈರೋಸ್‌ನ ಕತೆಯಲ್ಲಿ ನನಗೆ ಅತಿ ಇಷ್ಟದ ಭಾಗ ಇದು. ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ.

ಈಗಿನ ಮಹರ್ಷಿ ಕರ್ವೆ ರಸ್ತೆಗೆ ಆಗ ಕ್ವೀನ್ಸ್ ರೋಡ್ ಅಂತ ಹೆಸರು. ಅದರ ಪಶ್ಚಿಮಕ್ಕೆ ರೈಲು ಹಳಿ, ಅದರಾಚೆ ಅಲೆ. ಆ ಕೊಲ್ಲಿಯ ಹೆಸರು ಬ್ಯಾಕ್‌ಬೇ. ಅದನ್ನು ತುಂಬಿಸಿ ನೆಲ ಮಾಡಬೇಕೆಂಬ ಆಸೆ 1860ರ ದಶಕದ್ದು. ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಅಲ್ಲಿಯ ಹತ್ತಿ ಇಂಗ್ಲೆಂಡಿಗೆ ಹೋಗದೆ ನಿಂತಾಗ ನಮ್ಮ ದೇಶದ ಹತ್ತಿಗೆ ಬಂಗಾರದ ಬೆಲೆ ಬಂತು. ಧಾರವಾಡದ ಕಡೆಯ ಹತ್ತಿಗೂ ಬಂತು. ಮುಂಬೈಯಲ್ಲಿ ದುಡ್ಡು ಹೊಳೆಯಾಗಿ ಹರಿಯಿತು. ಸಮುದ್ರ ತುಂಬಿಸುವ ಕಂಪನಿಗಳ ಷೇರಿಗೆ ಜನ ಮುಗಿಬಿದ್ದರು. 1865ರಲ್ಲಿ ಯುದ್ಧ ಮುಗಿಯಿತು, ಷೇರು ಪಾತಾಳಕ್ಕೆ ಇಳಿಯಿತು, ಬ್ಯಾಕ್‌ಬೇ ಕಂಪನಿಯೂ ಮುಳುಗಿತು.

ಕೆಲಸಕ್ಕೆ ಮತ್ತೆ ಜೀವ ಬಂದದ್ದು ಗವರ್ನರ್ ಜಾರ್ಜ್ ಲಾಯ್ಡ್ ಕಾಲದಲ್ಲಿ, 1920ರ ದಶಕದಲ್ಲಿ. ಈ ಸಲವೂ ಸುಸೂತ್ರವಾಗಿ ಆಗಲಿಲ್ಲ. ಖರ್ಚು ಏರಿತು, ಕೆಲಸ ಎಳೆಯಿತು, ದುಡ್ಡು ಎಲ್ಲಿ ಹೋಯಿತು ಎಂಬ ಪ್ರಶ್ನೆ ಎದ್ದಿತು. ಜನರ ಪರವಾಗಿ ಆ ಪ್ರಶ್ನೆಯನ್ನು ಗಟ್ಟಿಯಾಗಿ ಕೇಳಿದ ವಕೀಲರು ಖುರ್ಷೆದ್ ಫ್ರಾಮ್‌ಜಿ ನಾರಿಮನ್. ನಾರಿಮನ್ ಪಾಯಿಂಟ್ ಎಂಬ ಹೆಸರು ಅವರದ್ದೇ. ಸಮುದ್ರ ತುಂಬಿಸುವ ಕೆಲಸದ ಹುಳುಕು ಬಯಲಿಗೆ ತಂದವರ ಹೆಸರನ್ನೇ ತುಂಬಿಸಿದ ನೆಲಕ್ಕೆ ಇಟ್ಟಿದ್ದಾರೆ. ಅದು ನನಗೆ ತುಂಬ ಸರಿ ಅನ್ನಿಸುತ್ತದೆ.

ಇನ್ನೊಂದು ಸಂಗತಿ ರೈಲಿನದ್ದು. ಮೊದಲು ಹಳಿ ಚರ್ಚ್‌ಗೇಟ್ ದಾಟಿ ಕೊಲಾಬಾವರೆಗೆ ಹೋಗುತ್ತಿತ್ತು. 1930ರ ಕೊನೆಗೆ ಆ ತುಂಡು ನಿಂತುಹೋಯಿತು. ಚರ್ಚ್‌ಗೇಟೇ ಕೊನೆಯ ನಿಲ್ದಾಣವಾಯಿತು. 1928ರಲ್ಲೇ ಚರ್ಚ್‌ಗೇಟ್–ಬೋರಿವಲಿ ನಡುವೆ ಕರೆಂಟಿನ ರೈಲು ಓಡಲು ಶುರುವಾಗಿತ್ತು. ಈಗ ಲೆಕ್ಕ ಹಾಕಿ. ಒಂದು ಕಡೆ ಹೊಸದಾಗಿ ಹುಟ್ಟಿದ ಖಾಲಿ ನೆಲ. ಇನ್ನೊಂದು ಕಡೆ ರೈಲು ನಿಂತ ಮೇಲೆ ಎಲ್ಲರೂ ಇಳಿಯಲೇಬೇಕಾದ ಸ್ಟೇಷನ್. ಇಳಿದವರ ಕಣ್ಣು ಮೊದಲು ಬೀಳುವ ಮೂಲೆ ನಿವೇಶನ. ಟಾಕೀಸು ಕಟ್ಟಲು ಇದಕ್ಕಿಂತ ಒಳ್ಳೆಯ ಜಾಗ ಇಡೀ ಮುಂಬೈಯಲ್ಲಿ ಸಿಗುತ್ತಿರಲಿಲ್ಲ.

ಎಲ್ಲರೂ ಆರ್ಟ್ ಡೆಕೊ, ಆರ್ಟ್ ಡೆಕೊ ಅನ್ನುತ್ತಾರೆ. ಹಾಗಂದರೆ ಏನು?

1925ರಲ್ಲಿ ಪ್ಯಾರಿಸ್ಸಿನಲ್ಲಿ ಅಲಂಕಾರ ಕಲೆಗಳ ದೊಡ್ಡ ಪ್ರದರ್ಶನ ನಡೆಯಿತು. ಆರ್ಟ್ ಡೆಕೊ ಎಂಬ ಹೆಸರು ಅದರಿಂದ ಬಂದದ್ದು. ಕಾರು, ವಿಮಾನ, ದೊಡ್ಡ ಹಡಗು ಹೊಸದಾಗಿದ್ದ ಕಾಲ ಅದು. ಕಟ್ಟಡವೂ ಹಾಗೇ ವೇಗವಾಗಿ, ನುಣುಪಾಗಿ ಕಾಣಬೇಕು ಎಂಬ ಆಸೆ ಅದರಲ್ಲಿದೆ.

ಗುರುತು ಹಿಡಿಯುವುದು ಸುಲಭ. ಚೂಪಾದ ಮೂಲೆಯ ಬದಲು ದುಂಡಗಿನ ಮೂಲೆ. ಗೋಡೆಯ ಉದ್ದಕ್ಕೂ ಅಡ್ಡ ಪಟ್ಟಿಗಳು. ಕಿಟಕಿಯ ಮೇಲೆ ಹುಬ್ಬಿನ ಹಾಗೆ ಉದ್ದಕ್ಕೆ ಹರಿಯುವ ಸಜ್ಜ. ಹಡಗಿನ ಕಿಟಕಿಯ ಥರದ ದುಂಡು ಕಿಂಡಿ. ಸೂರ್ಯನ ಕಿರಣ, ಅಲೆ, ಕಾರಂಜಿಯ ಚಿತ್ತಾರದ ಕಬ್ಬಿಣದ ಗೇಟು. ಮೇಲಕ್ಕೆ ಹೋದ ಹಾಗೆ ಮೆಟ್ಟಿಲು ಮೆಟ್ಟಿಲಾಗಿ ಕಿರಿದಾಗುವ ಗೋಪುರ.

ಈರೋಸ್‌ನಲ್ಲಿ ಈ ಕೊನೆಯದ್ದನ್ನು ಬಹಳ ಚೆನ್ನಾಗಿ ನೋಡಬಹುದು. ಎರಡು ರಸ್ತೆಗಳ ಉದ್ದಕ್ಕೆ ಎರಡು ರೆಕ್ಕೆ. ಅವು ಕೂಡುವ ಕಡೆ ದುಂಡಗಿನ ನಡುಭಾಗ. ಅದರ ಮೇಲೆ ದೊಡ್ಡದರಿಂದ ಚಿಕ್ಕದಕ್ಕೆ ಪಾತ್ರೆಗಳನ್ನು ಒಂದರ ಮೇಲೊಂದು ಬೋರಲು ಹಾಕಿದ ಹಾಗೆ ಗೋಪುರ. ಗೋಡೆಗೆ ಕೆನೆ ಬಣ್ಣ, ಅಲ್ಲಲ್ಲಿ ಆಗ್ರಾದ ಕೆಂಪು ಮರಳುಗಲ್ಲು. ಸಂಜೆ ಐದರ ಬಿಸಿಲಿನಲ್ಲಿ ಆ ಕೆನೆ ಬಣ್ಣ ಬೆಣ್ಣೆ ಕಾಯಿಸಿದ ಬಣ್ಣಕ್ಕೆ ತಿರುಗುತ್ತದೆ. ಅದನ್ನು ಫೋಟೋದಲ್ಲಿ ಹಿಡಿಯಲು ನನ್ನಿಂದ ಇವತ್ತಿಗೂ ಆಗಿಲ್ಲ.

ಒಳಗೆ ಕಪ್ಪು ಮತ್ತು ಬಿಳಿ ಅಮೃತಶಿಲೆಯ ಮೊಗಸಾಲೆ, ನಡುನಡುವೆ ಚಿನ್ನದ ಬಣ್ಣ. ಅಮೃತಶಿಲೆಯ ಮೆಟ್ಟಿಲಿಗೆ ಕೈಯಲ್ಲಿ ಹಿಡಿದು ಹತ್ತಲು ಕ್ರೋಮಿಯಂ ಕಂಬಿ. ಗೋಡೆಯ ಮೇಲೆ ಭಾರತೀಯ ವಿಷಯಗಳ ಚಿತ್ರಗಳು, ಕಣ್ಣಿಗೆ ಹೊಡೆಯದ ಮೆತ್ತಗಿನ ಬಣ್ಣದಲ್ಲಿ. ಶೈಲಿ ಪ್ಯಾರಿಸ್ಸಿನದ್ದು, ಕಲ್ಲು ಆಗ್ರಾದ್ದು, ಗೋಡೆಯ ಮೇಲಿನ ಕತೆ ಇಲ್ಲಿಯದು. ಮುಂಬೈಯ ಆರ್ಟ್ ಡೆಕೊ ಬರೀ ನಕಲು ಅನ್ನುವವರಿಗೆ ನಾನು ಈ ಮೊಗಸಾಲೆಯನ್ನೇ ತೋರಿಸುತ್ತೇನೆ.

ಕಾಂಕ್ರೀಟಿಗೂ ಟಾಕೀಸಿಗೂ ಏನು ಸಂಬಂಧ?

ತುಂಬಾ ಇದೆ. ಸಾವಿರ ಜನ ಕೂರುವ ಹಾಲ್‌ನ ನಡುವೆ ಕಂಬ ಬಂದರೆ ಹಿಂದೆ ಕೂತವರಿಗೆ ಪರದೆ ಕಾಣುವುದಿಲ್ಲ. ಕಲ್ಲು, ಇಟ್ಟಿಗೆಯ ಕಟ್ಟಡದಲ್ಲಿ ಕಂಬ ತಪ್ಪಿಸುವುದು ಕಷ್ಟ. ಕಬ್ಬಿಣದ ಸರಳು ಹಾಕಿದ ಕಾಂಕ್ರೀಟು ಬಂದ ಮೇಲೆ ಅಗಲವಾದ ಹಾಲು, ಗಾಳಿಯಲ್ಲಿ ತೇಲಿದ ಹಾಗೆ ಮುಂದಕ್ಕೆ ಚಾಚುವ ಬಾಲ್ಕನಿ ಎರಡೂ ಸಾಧ್ಯವಾದವು. ದುಂಡು ಮೂಲೆ, ಉದ್ದದ ಸಜ್ಜ ಇವೂ ಅದರ ಕೊಡುಗೆಯೇ.

ಅದೇ ಕಾಂಕ್ರೀಟಿಗೆ ಮುಂಬೈಯಲ್ಲಿ ಒಂದು ಶತ್ರು ಇದೆ, ಉಪ್ಪಿನ ಗಾಳಿ. ಸಣ್ಣ ಬಿರುಕಿನಿಂದ ತೇವ ಮತ್ತು ಉಪ್ಪು ಒಳಗೆ ಹೋಗಿ ಸರಳಿಗೆ ತುಕ್ಕು ಹಿಡಿಸುತ್ತದೆ. ತುಕ್ಕು ಹಿಡಿದ ಕಬ್ಬಿಣ ಉಬ್ಬುತ್ತದೆ. ಉಬ್ಬಿದಾಗ ಮೇಲಿನ ಕಾಂಕ್ರೀಟನ್ನು ಒಳಗಿನಿಂದಲೇ ಒಡೆಯುತ್ತದೆ. ಮರೀನ್ ಡ್ರೈವಿನ ಹಳೆ ಮನೆಗಳ ಸಜ್ಜದಿಂದ ಗಾರೆ ಉದುರುವುದು ಇದೇ ಕಾರಣಕ್ಕೆ. ಬಣ್ಣ ಬಳಿದರೆ ಎರಡು ಮಳೆಗಾಲ ಮುಚ್ಚಬಹುದು, ಅಷ್ಟೇ. ತುಕ್ಕು ಕೆರೆದು ಸರಳು ಸರಿಮಾಡಿದರೆ ಮಾತ್ರ ಕಟ್ಟಡ ಉಳಿಯುತ್ತದೆ.

ರೀಗಲ್, ಮೆಟ್ರೋ, ಲಿಬರ್ಟಿ ಇವೆಲ್ಲ ಇದಕ್ಕಿಂತ ಹಳೆಯವಾ?

ರೀಗಲ್ ಮಾತ್ರ ಹಳೆಯದು. ಕೊಲಾಬಾದ ಬಾಯಲ್ಲಿರುವ ರೀಗಲ್ ತೆರೆದದ್ದು 1933ರ ಅಕ್ಟೋಬರ್ 14ರಂದು. ಕಟ್ಟಿಸಿದವರು ಫ್ರಾಮ್‌ಜಿ ಸಿಧ್ವಾ. ಕಾರು ನಿಲ್ಲಿಸಲು ನೆಲದಡಿಯಲ್ಲಿ ಜಾಗ ಇತ್ತು. ಆ ಕಾಲಕ್ಕೆ ಅದೇ ಒಂದು ನೋಡುವಂಥ ಸಂಗತಿ. ಮೆಟ್ರೋ ತೆರೆದದ್ದು ಈರೋಸ್ ಆದ ನಾಲ್ಕು ತಿಂಗಳಿಗೆ, 1938ರ ಜೂನ್‌ನಲ್ಲಿ. ಅದು ಹಾಲಿವುಡ್ಡಿನ ಎಂಜಿಎಂ ಕಂಪನಿಯದ್ದೇ ಟಾಕೀಸು. ಲಿಬರ್ಟಿ ಸ್ವಾತಂತ್ರ್ಯ ಬಂದ ಮೇಲಿನದ್ದು, 1949. ಹೆಸರೇ ಹೇಳುತ್ತದೆ ಅಲ್ವಾ?

ರೀಗಲ್ ಬಗ್ಗೆ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ಅದರ ನಕ್ಷೆ ಬರೆದವರು ಚಾರ್ಲ್ಸ್ ಸ್ಟೀವನ್ಸ್. ಅವರ ತಂದೆ ಫ್ರೆಡರಿಕ್ ವಿಲಿಯಂ ಸ್ಟೀವನ್ಸ್, ವಿಕ್ಟೋರಿಯಾ ಟರ್ಮಿನಸ್ ಕಟ್ಟಿದವರು. ಚರ್ಚ್‌ಗೇಟ್ ಸ್ಟೇಷನ್ನಿನ ಬಳಿ ಗುಮ್ಮಟ ಹೊತ್ತು ನಿಂತಿರುವ ಪಶ್ಚಿಮ ರೈಲ್ವೆಯ ಮುಖ್ಯ ಕಚೇರಿಯೂ ತಂದೆಯದ್ದೇ, 1899ರದ್ದು. ಆ ಕಚೇರಿ ನೋಡಿ, ಹಾಗೇ ತಿರುಗಿ ಈರೋಸ್ ನೋಡಿ. ಬರೀ 39 ವರ್ಷದ ಅಂತರ. ಒಂದು ಕಡೆ ಕೆತ್ತನೆ, ಕಮಾನು, ಗುಮ್ಮಟ. ಇನ್ನೊಂದು ಕಡೆ ನೇರ ಗೆರೆ, ನುಣುಪು ಗೋಡೆ. ಅಪ್ಪನ ಶೈಲಿಯನ್ನು ಬಿಟ್ಟು ಮಗನೂ ಹೊಸದಕ್ಕೆ ಹೊರಳಿದ ಊರು ಇದು.

ಯುನೆಸ್ಕೋ ಪಟ್ಟಿಯಲ್ಲಿ ಈರೋಸ್ ಇದೆಯಾ?

ಇದೆ. ಆದರೆ ಒಂಟಿಯಾಗಿ ಅಲ್ಲ. 2018ರಲ್ಲಿ ಮುಂಬೈಯ ವಿಕ್ಟೋರಿಯನ್ ಗಾಥಿಕ್ (ಕೆತ್ತನೆ, ಕಮಾನುಗಳ ಹಳೆ ಬ್ರಿಟಿಷ್ ಶೈಲಿ) ಮತ್ತು ಆರ್ಟ್ ಡೆಕೊ ಕಟ್ಟಡಗಳ ಗುಂಪಿಗೆ ವಿಶ್ವ ಪರಂಪರೆಯ ಮನ್ನಣೆ ಸಿಕ್ಕಿತು. ಒಟ್ಟು 94 ಕಟ್ಟಡಗಳು. ಈರೋಸ್ ಮತ್ತು ರೀಗಲ್ ಎರಡೂ ಅದರಲ್ಲಿ ಸೇರಿವೆ. ಓವಲ್ ಮೈದಾನದ ನಡುವೆ ನಿಂತರೆ ಆ ಗುಂಪು ಯಾಕೆ ಒಂದೇ ಅಂತ ಗೊತ್ತಾಗುತ್ತದೆ. ಪೂರ್ವಕ್ಕೆ ಹೈಕೋರ್ಟು, ವಿಶ್ವವಿದ್ಯಾಲಯ, ರಾಜಾಬಾಯಿ ಗಡಿಯಾರ ಗೋಪುರ. ಪಶ್ಚಿಮಕ್ಕೆ ಸಾಲಾಗಿ ಆರ್ಟ್ ಡೆಕೊ ಮನೆಗಳು. ನಡುವೆ ಹುಡುಗರ ಕ್ರಿಕೆಟ್. ಈ ಮನ್ನಣೆಗಾಗಿ ಅಲ್ಲಿಯ ನಿವಾಸಿಗಳ ಸಂಘಗಳು ವರ್ಷಗಟ್ಟಲೆ ಓಡಾಡಿವೆ. ಸರ್ಕಾರ ಒಂದೇ ಮಾಡಿದ ಕೆಲಸ ಅಲ್ಲ ಅದು.

ಮುಂಬೈ ಕನ್ನಡಿಗರಿಗೂ ಈರೋಸ್‌ಗೂ ಏನಾದರೂ ನಂಟು ಇದೆಯಾ?

ಕಟ್ಟಿದವರಲ್ಲಿ ಅಲ್ಲ, ನೋಡಿದವರಲ್ಲಿ ಇದೆ. ಚರ್ಚ್‌ಗೇಟ್‌ನಿಂದ ಫೋರ್ಟ್ ಹತ್ತಿರ. ಫೋರ್ಟ್‌ನ ಉಡುಪಿ ಹೋಟೆಲುಗಳಲ್ಲಿ, ಆಫೀಸು ಕ್ಯಾಂಟೀನುಗಳಲ್ಲಿ ನಮ್ಮ ಕರಾವಳಿಯ ಎಷ್ಟೋ ಹುಡುಗರು ಹಗಲು ದುಡಿದು, ಸಂಜೆ ಕನ್ನಡ ರಾತ್ರಿ ಶಾಲೆಯಲ್ಲಿ ಓದಿದ್ದಾರೆ.

ನಮ್ಮ ದೊಡ್ಡಪ್ಪ ಅವರಲ್ಲಿ ಒಬ್ಬರು. ಕುಂದಾಪುರದ ಕಡೆಯಿಂದ ಹದಿನಾಲ್ಕನೇ ವಯಸ್ಸಿಗೆ ಬಂದವರು. ಒಂದು ರಜೆಯ ದಿನ, ಒಗೆದು ಮಡಿಸಿಟ್ಟ ಒಂದೇ ಒಂದು ಬಿಳಿ ಅಂಗಿ ಹಾಕಿಕೊಂಡು, ಈರೋಸ್‌ನಲ್ಲಿ ಕಡಿಮೆ ದರದ ಟಿಕೆಟ್ ತೆಗೆದು ಇಂಗ್ಲಿಷ್ ಪಿಕ್ಚರ್ ನೋಡಿದರಂತೆ. ಕತೆ ಏನು ಅಂತ ಕೇಳಿದರೆ ಹೇಳಲು ಬರುತ್ತಿರಲಿಲ್ಲ. "ಪಿಕ್ಚರ್ ತಲೆಗೆ ಹತ್ತಲಿಲ್ಲ ಮಗಾ. ಆದ್ರೆ ಆ ಮೆಟ್ಟಿಲು ಹತ್ತುವಾಗ ಯಾರೂ ನನ್ನನ್ನು ತಡೀಲಿಲ್ಲ" ಅನ್ನುತ್ತಿದ್ದರು. ಟಾಕೀಸಿನ ಇತಿಹಾಸ ಅಂದಾಗ ನನಗೆ ಮೊದಲು ನೆನಪಾಗುವುದು ಈ ಮಾತು. ದಿನವಿಡೀ ಬೇರೆಯವರ ಮೇಜು ಒರೆಸುವ ಹುಡುಗ, ಟಿಕೆಟ್ ತೆಗೆದ ಕೂಡಲೇ ಆ ಅಮೃತಶಿಲೆಯ ಮೇಲೆ ಎಲ್ಲರಷ್ಟೇ ಹಕ್ಕಿನಿಂದ ಕಾಲಿಟ್ಟ.

ಮತ್ತೆ ಮುಚ್ಚಿದ್ದು ಯಾಕೆ?

ಸಿಂಗಲ್ ಸ್ಕ್ರೀನ್ ಟಾಕೀಸುಗಳಿಗೆಲ್ಲ ಬಂದ ಕಷ್ಟ ಇದಕ್ಕೂ ಬಂತು. ಈರೋಸ್‌ನಲ್ಲಿ ಆಗ ಸುಮಾರು 1,200 ಸೀಟು. ವಾರದ ನಡುವೆ ಮ್ಯಾಟಿನಿಗೆ ಅಷ್ಟು ಜನ ಎಲ್ಲಿಂದ ಬರಬೇಕು? ಬಂದವರು ನೂರೇ ಆದರೂ ಹಾಲ್ ಪೂರ್ತಿ ತಣ್ಣಗಿಡಬೇಕು, ಪೂರ್ತಿ ಗುಡಿಸಬೇಕು. ಮಲ್ಟಿಪ್ಲೆಕ್ಸಿನಲ್ಲಿ ಒಂದು ಚಿತ್ರ ಬಿದ್ದರೆ ಅದನ್ನು ಚಿಕ್ಕ ಹಾಲಿಗೆ ತಳ್ಳಿ ಓಡುವ ಚಿತ್ರಕ್ಕೆ ದೊಡ್ಡ ಹಾಲ್ ಕೊಡುತ್ತಾರೆ. ಒಂದೇ ಪರದೆ ಇದ್ದವರಿಗೆ ಆ ದಾರಿ ಇಲ್ಲ. ಈ ಶತಮಾನದ ಆರಂಭದಲ್ಲಿ ಮಲ್ಟಿಪ್ಲೆಕ್ಸ್‌ಗಳಿಗೆ ಮನರಂಜನಾ ತೆರಿಗೆಯಲ್ಲಿ ರಿಯಾಯಿತಿಯೂ ಸಿಕ್ಕಿತು. 2017ರ ಹೊತ್ತಿಗೆ ಈರೋಸ್‌ನ ಪರದೆ ಕತ್ತಲಾಯಿತು. ಮುಂದಿನ ಏಳು ವರ್ಷ ಹತ್ತಿರ ಹತ್ತಿರ ಹಾಗೇ ಇತ್ತು.

ಈರೋಸ್ ಕೆಡವಿದರು ಅಂತ ವಾಟ್ಸಾಪ್‌ನಲ್ಲಿ ಬಂದಿತ್ತಲ್ಲ?

ಬಂದಿತ್ತು. 2023ರಲ್ಲಿ ಕಟ್ಟಡಕ್ಕೆ ಅಟ್ಟಣೆ ಕಟ್ಟಿದ ಫೋಟೋಗಳು ಹರಿದಾಡಿದವು. ಹಳೆ ಟಾಕೀಸಿಗೆ ಅಟ್ಟಣೆ ಬಿದ್ದರೆ ನಮಗೆಲ್ಲ ಎದೆ ಧಸಕ್ ಅನ್ನುವುದು ಸಹಜ. ಬೆಂಗಳೂರಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಎಂ.ಜಿ. ರಸ್ತೆಯ ಪ್ಲಾಜಾ ಹೋಯಿತು, ಅಲ್ಲಿ ಈಗ ಮೆಟ್ರೊ ನಿಲ್ದಾಣ. 2017ರಲ್ಲಿ ಗಾಂಧಿನಗರದ ಕಪಾಲಿಯೂ ಹೋಯಿತು.

ಈರೋಸ್‌ನದ್ದು ಸುಳ್ಳು ಸುದ್ದಿ. ಅಟ್ಟಣೆ ಕಟ್ಟಿದ್ದು ದುರಸ್ತಿಗೆ. ಹೊರಗಿನ ಕಟ್ಟಡವನ್ನು ಹಾಗೇ ಉಳಿಸಿಕೊಂಡು ಕೆಲಸ ನಡೆಯಿತು.

ಈಗ ಒಳಗೆ ಏನಿದೆ? ಹಳೆ ಹಾಲ್ ಹಾಗೇ ಇದೆಯಾ?

ಇಲ್ಲ. ಇದನ್ನು ನೇರವಾಗಿಯೇ ಹೇಳಬೇಕು. 2024ರ ಫೆಬ್ರವರಿಯಲ್ಲಿ ಈರೋಸ್ ಪಿವಿಆರ್ ಐನಾಕ್ಸ್ ನಡೆಸುವ ಐಮ್ಯಾಕ್ಸ್, ಅಂದರೆ ಭಾರಿ ಪರದೆಯ ಟಾಕೀಸಾಗಿ ತೆರೆಯಿತು. ಸೀಟು 305. ಕಟ್ಟಡದಲ್ಲಿ ಕೈಮಗ್ಗ, ಕರಕುಶಲ ವಸ್ತುಗಳ ಸ್ವದೇಶ್ ಮಳಿಗೆಯೂ ಬಂದಿದೆ. ಮೊಗಸಾಲೆ, ಮೆಟ್ಟಿಲು, ಹೊರಗಿನ ಚೆಲುವು ಉಳಿದಿದೆ. ಸಾವಿರದ ಇನ್ನೂರು ಜನ ಒಟ್ಟಿಗೆ ಉಸಿರು ಬಿಗಿಹಿಡಿಯುತ್ತಿದ್ದ ಆ ಹಾಲ್ ಇಲ್ಲ.

ಹಳೆ ಹಾಲಿನಲ್ಲೇ ಐಮ್ಯಾಕ್ಸ್ ಹಾಕಬಹುದಿತ್ತಲ್ಲ ಅಂತ ಕೇಳುತ್ತಾರೆ. ಅದು ಹಾಗೆ ಕೂಡಿಬರುವುದಿಲ್ಲ. ಹಳೆ ಟಾಕೀಸಿನಲ್ಲಿ ಕೆಳಗೆ ಸ್ಟಾಲ್, ಮೇಲೆ ಬಾಲ್ಕನಿ. ಬಾಲ್ಕನಿಯ ಅಡಿಯಲ್ಲಿ ಹಿಂದೆ ಕೂತವರಿಗೆ ಎತ್ತರದ ಪರದೆಯ ಮೇಲ್ಭಾಗ ಕಾಣುವುದಿಲ್ಲ. ಐಮ್ಯಾಕ್ಸ್‌ಗೆ ನೆಲದಿಂದ ಸೂರಿನವರೆಗೆ, ಗೋಡೆಯಿಂದ ಗೋಡೆಗೆ ಪರದೆ ಬೇಕು. ಸೀಟು ಹತ್ತಿರ ಇರಬೇಕು, ಸಾಲುಗಳು ಕಡಿದಾಗಿ ಏರಬೇಕು. ಅದಕ್ಕೇ ಸೀಟು ಕಡಿಮೆಯಾಗುತ್ತದೆ.

ಹಾಗಾದರೆ ನಿಮ್ಮ ಅಭಿಪ್ರಾಯ ಏನು? ಇದು ಉಳಿದದ್ದಾ, ಹೋದದ್ದಾ?

ಉಳಿದದ್ದು ಅಂತಲೇ ನನ್ನ ಮಾತು. ಮೊದಲ ಸಲ ಹೊಸ ಹಾಲಿನೊಳಗೆ ಹೋದಾಗ ನನಗೆ ಅಳು ಬಂದದ್ದೂ ನಿಜ. ಬಾಲ್ಕನಿ ಎಲ್ಲಿ ಅಂತ ಕಣ್ಣು ತಾನಾಗಿಯೇ ಹುಡುಕಿತು. ಆದರೆ ಮುಚ್ಚಿದ್ದ ವರ್ಷಗಳಲ್ಲಿ ಆ ಮುಚ್ಚಿದ ಗೇಟಿನ ಮುಂದೆ ಎಷ್ಟು ಸಲ ನಡೆದು ಹೋಗಿದ್ದೇನೆ. ಬಳಸದ ಕಟ್ಟಡವನ್ನು ಮಳೆಯೇ ಕೆಡವುತ್ತದೆ, ಜೆಸಿಬಿ ಬೇಕಾಗಿಲ್ಲ. ಈಗ ಒಳಗೆ ದೀಪ ಉರಿಯುತ್ತಿದೆ. ಸಿನಿಮಾ ನಡೆಯುತ್ತಿದೆ, ಬರೀ ಅಂಗಡಿ ಆಗಿಹೋಗಲಿಲ್ಲ.

ನನ್ನ ದೂರು ಒಂದೇ, ದರದ್ದು. ದೊಡ್ಡಪ್ಪನಂಥ ಹುಡುಗ ಇವತ್ತು ರಜೆಯ ದಿನ ಬಂದರೆ ಅವನ ಜೇಬಿಗೆ ಹೊಂದುವ ಟಿಕೆಟ್ ಇರಬೇಕು. ದಿನಕ್ಕೆ ಒಂದು ಆಟ, ಮುಂದಿನ ಎರಡು ಸಾಲು ಅಂತ ಇಟ್ಟರೂ ಸಾಕು.

ಸಿನಿಮಾ ನೋಡದೆ ಕಟ್ಟಡ ಮಾತ್ರ ನೋಡಬಹುದಾ?

ಹೊರಗಿನಿಂದ ಧಾರಾಳವಾಗಿ. ಬೆಳಗ್ಗೆ ಎಂಟರಿಂದ ಹತ್ತೂವರೆ ಆಫೀಸಿನ ಜನದ ಹೊತ್ತು, ಆಗ ಬೇಡ. ಭಾನುವಾರ ಬೆಳಗ್ಗೆ ಒಳ್ಳೆಯದು, ರಸ್ತೆ ಖಾಲಿ ಇರುತ್ತದೆ. ಮೊದಲು ಸ್ಟೇಷನ್ ಕಡೆಯಿಂದ ಗೋಪುರ ನೋಡಿ. ಆಮೇಲೆ ಓವಲ್ ಮೈದಾನಕ್ಕೆ ಹೋಗಿ ಎರಡೂ ಬದಿ ನೋಡಿ. ಅಲ್ಲಿಂದ ರೀಗಲ್‌ಗೆ ಇಪ್ಪತ್ತು ನಿಮಿಷದ ನಡಿಗೆ. ವಯಸ್ಸಾದವರು ಜೊತೆಗಿದ್ದರೆ ಟ್ಯಾಕ್ಸಿ ಹಿಡಿಯಿರಿ.

ನಮ್ಮ ಮನೆಯಲ್ಲಿ ಹಳೆ ಟಿಕೆಟ್ ತುಂಡು, ಫೋಟೋ ಇದೆ. ಏನು ಮಾಡಲಿ?

ದಯವಿಟ್ಟು ಎಸೆಯಬೇಡಿ. ಟಿಕೆಟ್ಟಿನ ಶಾಯಿ ಬಿಸಿಲಿಗೆ ಬೇಗ ಮಾಸುತ್ತದೆ. ಮೊದಲು ಎರಡೂ ಬದಿಯ ಫೋಟೋ ತೆಗೆದಿಡಿ. ಆಮೇಲೆ ಬಿಳಿ ಕಾಗದದ ಲಕೋಟೆಯಲ್ಲಿ ಹಾಕಿ ಒಣ ಜಾಗದಲ್ಲಿ ಇಡಿ. ಪ್ಲಾಸ್ಟಿಕ್ ಕವರ್ ಬೇಡ, ಮುಂಬೈ ಮತ್ತು ಕರಾವಳಿಯ ತೇವಕ್ಕೆ ಒಳಗೆ ಬೂಷ್ಟು ಹಿಡಿಯುತ್ತದೆ. ಮದುವೆಯಾದ ಹೊಸತರಲ್ಲಿ ಅಪ್ಪ ಅಮ್ಮ ಚರ್ಚ್‌ಗೇಟ್‌ನಲ್ಲಿ ತೆಗೆಸಿಕೊಂಡ ಫೋಟೋ ಇದ್ದರೆ ಹಿಂದೆ ಕಟ್ಟಡ ಏನು ಕಾಣುತ್ತದೆ ನೋಡಿ. ಬೋರ್ಡು, ಪೋಸ್ಟರು, ಗೋಡೆಯ ಬಣ್ಣ, ಎಲ್ಲವೂ ಬೆಲೆಯುಳ್ಳದ್ದೇ.

ಮತ್ತೆ, ಹಿರಿಯರು ಇನ್ನೂ ಇದ್ದರೆ ಇವತ್ತೇ ಅವರ ಹತ್ತಿರ ಕೂತು ಕೇಳಿ: ಯಾವ ವರ್ಷ, ಯಾರ ಜೊತೆ, ಎಷ್ಟು ದುಡ್ಡು, ಇಂಟರ್ವಲ್‌ನಲ್ಲಿ ಏನು ತಿಂದಿರಿ. ಫೋಟೋದ ಹಿಂದೆ ಪೆನ್ಸಿಲ್ಲಿನಲ್ಲಿ ಬರೆದಿಡಿ. ದೊಡ್ಡಪ್ಪನ ಹತ್ತಿರ ಆ ಪಿಕ್ಚರಿನ ಹೆಸರು ಕೇಳಿ ಬರೆದುಕೊಳ್ಳಬೇಕೆಂದು ನಾನು ಮುಂದೂಡುತ್ತಲೇ ಇದ್ದೆ. ಈಗ ಕೇಳಲು ಅವರಿಲ್ಲ.